ಒಂದು ‘ಪಿಲ್’ ಕಡಿಮೆ

ತೊಂಬತ್ತೇ ಸೆಕೆಂಡು ಅಂದರು ಉಪಪ್ರಾಂಶುಪಾಲೆ,
ಅದಕ್ಕಿಂತ ಹೆಚ್ಚು ಯಾವ ಮಕ್ಕಳೂ ನೋಡುವುದಿಲ್ಲವಂತೆ.
ಮಾರ್ಚ್ ಮುಗಿಯುವುದರೊಳಗೆ ಎಂಟು ಜನ ಆಗದಿದ್ದರೆ
ಹಕ್ಕಿ ನೋಡುವವರ ನಮ್ಮ ಸಂಘದ ಕೋಣೆ
ಟೇಬಲ್ ಟೆನ್ನಿಸ್ಸಿನವರಿಗೆ.
ನಾವಿದ್ದದ್ದು ನಾಲ್ವರು. ದುರ್ಬೀನು ಎರಡು,
ಒಂದರ ಎಡಗಣ್ಣಿಗೆ ಮಂಜು ಹತ್ತಿ ವರ್ಷವಾಗಿತ್ತು.

ಪುಂತಾ ಅರೇನಾಸಿನ ದಂಡೆಯಲ್ಲಿ ನಿಂತು ಶೂಟಿಂಗ್ ಅಂದರೆ
ಗಾಳಿಯ ಅಪ್ಪಣೆ ಬೇಡಿದ ಹಾಗೆ;
ಅದು ಕೊಡುವುದಿಲ್ಲ.
ಯಾಸ್ನಾ ತನ್ನ ಅಜ್ಜನ ಉಣ್ಣೆಯ ಕಾಲುಚೀಲವನ್ನು
ಮೈಕಿಗೆ ತೊಡಿಸಿದಳು.
“ಬನ್ನಿ, ನಮ್ಮ ಸಂಘ ಸೇರಿ” ಎಂದು ಹನ್ನೊಂದು ಸಲ ನಕ್ಕಳು,
ಹನ್ನೆರಡನೆಯದಕ್ಕೆ ನಗು ತುಟಿಯ ಮೇಲೇ ಹೆಪ್ಪುಗಟ್ಟಿತು.
ವೀಡಿಯೋದಲ್ಲಿ ಇರುವುದು ಆ ಹನ್ನೆರಡನೆಯದೇ.

ಆಮೇಲೆ ಎವಾರಿಸ್ತೋ.
ನಮ್ಮಲ್ಲಿ ಹಕ್ಕಿಗಳನ್ನು ನಿಜವಾಗಿ ಬಲ್ಲವನು ಅವನೊಬ್ಬನೇ.
ಉಗ್ಗುತ್ತಾನೆ. ಮಾತು ಹೊಸ್ತಿಲವರೆಗೆ ಬಂದು
ಏನೋ ಮರೆತವರಂತೆ ಒಳಗೆ ಹೋಗಿ
ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ.
“ಆ ಕೆಂಪು ಕೊಕ್ಕಿನದು ಪಿಲ್‌ಪಿಲೆನ್.
ಗಂಡು, ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ.”
ಇಷ್ಟು ಹೇಳಲು ನಲವತ್ತೊಂದು ಸೆಕೆಂಡು.

ರಾತ್ರಿ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಕೊಟ್ಟು
ಅವನ ಮಾತನ್ನು ಲ್ಯಾಪ್‌ಟಾಪಿನ ಮೇಲೆ ಹರವಿಕೊಂಡೆ.
ಪರದೆಯಲ್ಲಿ ದನಿ ಅಂದರೆ ಏರಿಳಿಯುವ ಹಸಿರು ಗೆರೆ,
ನಡುನಡುವೆ ಸಪಾಟು.
ಅಮ್ಮ ಹುರುಳಿಕಾಯಿಯ ನಾರು ಬಿಡಿಸುವ ಹಾಗೆ
ತುದಿ ಚಿವುಟಿ ಎಳೆದೆ. ಮೌನ ಬಂತು.
ಉಗ್ಗು ಬಂತು. ಜೊತೆಗೆ ಒಂದಿಷ್ಟು ಉಸಿರೂ ಬಂತು.
ಎರಡು ಗಂಟೆಯ ಹೊತ್ತಿಗೆ ಎವಾರಿಸ್ತೋ
ರೇಡಿಯೋದವರಂತೆ ಮಾತಾಡುತ್ತಿದ್ದ, ಒಂಬತ್ತೇ ಸೆಕೆಂಡು.
ಒಳ್ಳೆಯದು ಮಾಡಿದೆ ಅಂದುಕೊಂಡೆ.
ಸುಳ್ಳೇಕೆ, ಹೆಮ್ಮೆಯೂ ಪಟ್ಟೆ.

ಜಿಮ್ಮಿನಲ್ಲಿ ತೋರಿಸಿದರು. ಚಪ್ಪಾಳೆ.
ಮೀನಿನ ಕಾರ್ಖಾನೆಯ ಬಿಳಿ ಬೂಟಿನಲ್ಲೇ ಬಂದಿದ್ದ ಅವನ ತಾಯಿ
ಮತ್ತೊಮ್ಮೆ ಹಾಕಿ ಅಂದಳು,
ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನೋಡಿದಳು.
ಅದು ಖುಷಿಯೋ ಇನ್ನೇನೋ,
ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊರಗೆ ಅವನು ಸೈಕಲ್ಲಿನ ಬೀಗ ತೆಗೆಯುತ್ತಿದ್ದ.
“ಒಂದು ತ-ತ-ತಪ್ಪಿದೆ.”
ಕಾದೆ.
“ಪಿಲೆನ್ ಅಂತ ಯಾವ ಹಕ್ಕಿಯೂ ಇ-ಇಲ್ಲ.”

ಮನೆಗೆ ಓಡಿ ಹಚ್ಚಿ ಕೇಳಿದೆ. ನಿಜ.
ಉಗ್ಗು ಅಂದುಕೊಂಡು ನಾನು ಕತ್ತರಿಸಿದ ಒಂದು ‘ಪಿಲ್’
ಉಗ್ಗಾಗಿರಲಿಲ್ಲ, ಹಕ್ಕಿಯ ಹೆಸರೇ ಹಾಗೆ.
ಯಾವ ಕಾಲದಲ್ಲೋ ಯಾರೋ ಅದರ ಕೂಗು ಕೇಳಿ
ಎರಡು ಸಲ ಅಂದದ್ದನ್ನು ಎರಡು ಸಲವೇ ಇಟ್ಟುಕೊಂಡಿರಬೇಕು.
ಅವರಿಗೆ ತೊಂಬತ್ತು ಸೆಕೆಂಡಿನ ಗಡುವಿರಲಿಲ್ಲ.

ಕತ್ತರಿಸಿದ ಚೂರುಗಳನ್ನು ಅಳಿಸಿರಲಿಲ್ಲ.
ಸಾಲಾಗಿ ಜೋಡಿಸಿದೆ, ಮೂವತ್ತೆರಡು ಸೆಕೆಂಡು:
ಗಾಳಿ. ಉಣ್ಣೆ ಉಜ್ಜುವ ಸದ್ದು. ಪ, ಪ, ಪ.
ದೂರದಲ್ಲೆಲ್ಲೋ ದೋಣಿಯ ಹಗ್ಗ ಕಂಬಕ್ಕೆ ಬಡಿದದ್ದು.
ಮತ್ತೆ ಕ್ಯಾಮೆರಾದ ಹಿಂದಿನಿಂದ, ಮೆಲ್ಲಗೆ, ನನ್ನದೇ ದನಿ:
“ಬೇಗ ಹೇಳೋ, ಬೆಳಕು ಹೋಗ್ತಿದೆ.”
ಹಾಗಂದದ್ದು ನನಗೆ ನೆನಪೇ ಇರಲಿಲ್ಲ.

ಹೊಸಬರು ಐವರು ಸೇರಿದರು. ಕೋಣೆ ಉಳಿಯಿತು.
ಸರಿಮಾಡಿದ ವೀಡಿಯೋ ಕೊಡುತ್ತೇನೆಂದೆ,
ಯಾರಿಗೂ ಬೇಕಾಗಿರಲಿಲ್ಲ ಆಗಲೇ.
ಆ ಐವರಲ್ಲಿ ಮಿಲೆಂಕಾ ಎಂಬ ಚೋಟುದ್ದದ ಹುಡುಗಿ
ಮೊದಲ ಶನಿವಾರ ಅರ್ಧ ಗಂಟೆ ಕಲ್ಲಿನ ಮೇಲೆ ಕೂತು,
“ವೀಡಿಯೋದಲ್ಲಿ ಇದ್ದದ್ದು ಯಾವಾಗ ಶುರುವಾಗುತ್ತೆ?” ಅಂದಳು.
ನಾನು ಬೂಟಿನ ದಾರ ಕಟ್ಟುವವರ ಹಾಗೆ ಬಗ್ಗಿದೆ.
ಎವಾರಿಸ್ತೋ
ಮಂಜು ಹತ್ತದ ದುರ್ಬೀನನ್ನು ಅವಳ ಕೊರಳಿಗೆ ಹಾಕಿ
ನೀರಂಚಿನ ಕಪ್ಪು ಚುಕ್ಕಿಯ ಕಡೆ ತಿರುಗಿಸಿ,
ಪಿ... ಅಂದ.
ಅವಳು ಅವನ ಬಾಯಿ ನೋಡಲಿಲ್ಲ,
ಚುಕ್ಕಿಯನ್ನೇ ನೋಡುತ್ತಿದ್ದಳು.
ಪಿ, ಪಿಲ್...
ಬೆಳಕು ಇನ್ನೂ ಬೇಕಾದಷ್ಟಿತ್ತು.