ಅಮೋಗಿಯ ಅಫಿಡವಿಟ್

ಬರೀರಿ ವಕೀಲಬಾಯಿ.
ಹೆಸರು ಅಮೋಗಿ, ತಂದಿ ಬೀರಪ್ಪ, ಮೂಲ ಇಂಡಿ ಕಡೆ,
ಈಗ ಪುಣೆ ಹಡಪಸರದಾಗ ವೆಲ್ಡಿಂಗ್.
ವಯಸ್ಸು ನಲವತ್ತಾರು ಅಂತ ಹಾಕ್ರಿ,
ಹೆಚ್ಚುಕಮ್ಮಿ ಇದ್ರ ಇರಲಿ.
ಉಳಿದದ್ದೆಲ್ಲಾ ಆಣಿ ಮಾಡಿ ಹೇಳೂದು.

ಲೋಣಿ ದಾಟಿ ಢಮಢೇರೆ ಸಾಹೇಬರ ಶೆಡ್ಡಿಗೆ
ಪಂಜರ ಬೆಸದಾಂವ ನಾನಽ.
ಹದಿನೆಂಟು ಇಂಚು ಉದ್ದ, ಹದಿನೈದು ಅಗಲ,
ಒಳಗ ನಾಕು ಕೋಳಿ.
ಕೂಲಿ ತಗೊಂಡೀನಿ. ಅದನ್ನೂ ಬರೀರಿ.

ತಳಕ್ಕ ತುಸು ಇಳಿಜಾರು ಕೊಟ್ಟೀನಿ,
ಮೊಟ್ಟಿ ತಾನಽ ಉರುಳಿ ಮುಂದಿನ ತಗಡಿಗೆ ಬರಲಂತ.
ಚಲೋ ಕೆಲಸ ಅಂದ್ರು ಸಾಹೇಬರು, ಚಾ ತರಿಸಿದ್ರು.
ಆ ಕೋಳಿ ಒಳಗ ಬಂದ ದಿನದಿಂದ
ಸಪಾಟ ನೆಲದ ಮ್ಯಾಲ ನಿಂತಿಲ್ಲ ಅನ್ನೂದು
ನನಗ ಹೊಳೆದದ್ದು ಎರಡು ವರ್ಷಕ್ಕ,
ರಿಪೇರಿಗಂತ ಹೋಗಿ ಒಂದು ತಂತಿ ಕಡಿಯೂ ಮುಂದ.
ಉಗುರು ಬೆಳೆದು ತಂತಿ ಸುತ್ತಿಕೊಂಡಿತ್ತು.
ಎಲ್ಲಿತನಕ ಕೋಳಿ, ಎಲ್ಲಿಂದ ನನ್ನ ಕೆಲಸ,
ಕಟರ್ ಹಿಡಕೊಂಡು ಸುಮ್ಮನ ನಿಂತೆ.

ಇದು ಸಾಕ್ಷಿ ಆಗೂದಿಲ್ಲಂತೀರಾ?
ಬಿಡ್ರಿ, ಹೊಡದ ಹಾಕ್ರಿ.

ನಮ್ಮಪ್ಪ ಕುರಿ ಕಾದಾಂವ.
ರಾತ್ರಿ ಹಟ್ಟಿ ಸುತ್ತ ಜಾಳಗಿ ಕಟ್ಟತಿದ್ದ,
ತೋಳ ಒಳಗ ಬರಬಾರದಂತ.
ನಾನೂ ಜಾಳಗೀನಽ ಕಟ್ಟೀನಿ.
ತೋಳ ಯಾವ ಕಡೆ ಐತಿ ಅಂತ
ನೋಡಲಿಲ್ಲ.

ಈಗ ಹೊಸ ಅಳತಿ ಬಂದೈತಿ:
ರೆಕ್ಕಿ ಬಿಚ್ಚುವಷ್ಟು ಜಾಗ, ಕೂಡಾಕ ಒಂದು ಗಳ.
ಅದನ್ನ ತಗಸಾಕ ಶೆಡ್ಡಿನವರೆಲ್ಲಾ ಕೂಡಿ ದೊಡ್ಡ ವಕೀಲರನ್ನ ಹಿಡದಾರ.
ಮೊಟ್ಟಿ ತುಟ್ಟಿ ಆಗತಾವಂತ. ಆಗತಾವ್ರಿ, ಸುಳ್ಳಲ್ಲ.
ನಮ್ಮ ಖೋಲಿಯಾಗ ಆರು ಮಂದಿ,
ಮುಂಜಾನೆ ಬುರ್ಜಿ-ಪಾವ್ ಮ್ಯಾಲ ನಿಂತಾವರು.
ಕೋಳಿಗೇನು ತಿಳೀತೈತಿ ಅಂತಾರ.
ನನಗ ತಿಳೀತಲ್ಲ.

ಸಾಹೇಬರು ಕೆಟ್ಟವರಲ್ಲ.
ಸತ್ತ ಕೋಳಿ ಕಂಡ್ರ ಲೊಚಗುಡತಾರ.
ಆದ್ರ ಕನಿಕರ ಸಂಜೀಮಟ ದಣೀತೈತಿ,
ಮೊಟ್ಟಿ ರೇಟು ಬಿದ್ದ ದಿನ ಕೆಲಸಕ್ಕ ಬರೂದಿಲ್ಲ.
ಕಾಯ್ದೆ ಅಂದ್ರ ನನ್ನ ತಲಿಗೆ ಹೊಕ್ಕದ್ದು ಇಷ್ಟು:
ಯಾರ ಕೈಯಾಗ ಕೊಟ್ರೂ
ಅಷ್ಟಽ ಇಂಚು ತೋರಸೂ ಟೇಪು.
ಅದು ಕೈಯಾಗಿಲ್ಲದಽ
ನಾವು ಏನೇನು ಬೆಸದ್ವಿ, ನೋಡ್ರಿ.

ಮುಗೀತು. ಎಲ್ಲಿ ಸಹಿ?
ಕಾಗದ ಉದ್ದ ಹದಿನಾಕು, ಅಗಲ ಎಂಟೂವರಿ,
ಕಣ್ಣಳತಿ, ತಪ್ಪೂದಿಲ್ಲ.
ಮಡಚಬ್ಯಾಡ್ರಿ ವಕೀಲಬಾಯಿ,
ಹಂಗಽ ತಗೊಂಡು ಹೋಗ್ರಿ.
ನಡುವ ಮಡಚಿದ್ರ
ಹೆಚ್ಚುಕಮ್ಮಿ ಒಂದು ಕೋಳಿ ಜಾಗ ಆಗತೈತಿ.