ಪೀಣ್ಯದ ಮೂತಿ

ನಾನು ಟರ್ನರ್. ಪೀಣ್ಯ ಎರಡನೇ ಹಂತ,
ಲಾರಿ ನಿಂತರೆ ಬೋರ್ಡೂ ಕಾಣದ ಶೆಡ್ಡು.
ಕೊಳವೆಯ ತುದಿಗೆ ತೊಡಿಸುವ ಉಕ್ಕಿನ ಮೂತಿ
ಮಾಡಿಕೊಟ್ಟವನು.
ಡ್ರಾಯಿಂಗ್ ತಂದ ರುಖಿಯಾ ಮೇಡಂ ಹೇಳಿದ್ದಿಷ್ಟೆ:
"ಎರಡೂಮುಕ್ಕಾಲು ಸಾವಿರ ಮೀಟರ್ ನೀರಿನ ಕೆಳಗೆ
ಇದು ಕೆಸರನ್ನು ಕಚ್ಚಬೇಕು ಮೋನಪ್ಪಾಚಾರ್ರೇ,
ಕಚ್ಚಿದ್ದನ್ನು ಬಿಡಬಾರದು."
ನಾನು ಕೇಳಿದ್ದಿಷ್ಟೆ: "ಟಾಲರೆನ್ಸ್ ಎಷ್ಟು?"

ಆಮೇಲೆ ಮೂತಿಯ ಜೊತೆ ನನ್ನನ್ನೂ ಹಡಗಿಗೆ ಹಾಕಿದರು,
ಸ್ಪೇರ್ ಪಾರ್ಟ್ ಥರ.
ಮೊದಲ ನಾಲ್ಕು ದಿನ ಬಕೆಟ್ಟೇ ಬಂಧು.
ಐದನೇ ದಿನ ಲೇತಿನ ಮುಂದೆ ನಿಂತೆ.
ಹಡಗು ಓಲಾಡುತ್ತದೆ, ಲೇತೂ ಓಲಾಡುತ್ತದೆ, ನಾನೂ.
ಮೂವರೂ ಒಟ್ಟಿಗೇ ಓಲಾಡಿದರೆ
ಎರಡು ಥೌ ಕೂಡ ತಪ್ಪುವುದಿಲ್ಲ
ಎಂದು ಐಟಿಐಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ರಾತ್ರಿ ಎರಡರ ಪಾಳಿ.
ವಿಂಚು ಹಗ್ಗ ಬಿಡುತ್ತದೆ, ಬಿಡುತ್ತದೆ,
ಒಂದು ಗಂಟೆ ಬಿಡುತ್ತಲೇ ಇರುತ್ತದೆ.
ಎಲ್ಲರ ಕಣ್ಣೂ ಮುಳ್ಳಿನ ಮೇಲೆ.
ತಳ ಮುಟ್ಟಿದ ಕ್ಷಣ ಮುಳ್ಳು ಒಮ್ಮೆ ಜೋಲುತ್ತದೆ,
ಕೊನೆಯ ಬಸ್ಸಿನಲ್ಲಿ ನಿದ್ದೆಹೋದವನ ಕತ್ತಿನ ಹಾಗೆ.
ಅಷ್ಟೇ.

ಒಂಬತ್ತನೇ ತಾಣದಲ್ಲಿ ಕೊಳವೆ ಖಾಲಿ ಬಂತು.
ಮೂತಿಯೊಳಗಿನ ಎಸಳು ಹಿಂದಕ್ಕೆ ಮಡಚಿಕೊಂಡಿತ್ತು.
ನಾನೇ ಬಾಗಿಸಿದ ಎಸಳು. ಯಾರೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಬೆಳಗಾಗುವವರೆಗೆ ಹನ್ನೆರಡು ಎಸಳು
ಕತ್ತರಿಸಿ, ಬಾಗಿಸಿ, ಹದಮಾಡಿ ಕೊಟ್ಟೆ.
ಮತ್ತೆ ಇಳಿಸಿದರು.
ಬಂತು: ಆರು ಮೀಟರ್, ಹೆಸರುಕಾಳಿನ ಬಣ್ಣ,
ಕೊಳೆತ ಮೊಟ್ಟೆಯ ನಾತ,
ಹೆಣದ ಪಾದದಷ್ಟು ತಣ್ಣಗೆ.
ಮೀಟರಿಗೊಂದು ತುಂಡು ಕೊಯ್ದು
ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳಗೆ ನೀಲಿ, ನಡುವೆ ಬಾಣ.
"ಮೇಲು ಯಾವುದು ಕೆಳಗು ಯಾವುದು ಮರೆತೆವೋ,
ಇದು ಬರೀ ರಾಡಿ" ಅಂದರು ಮೇಡಂ.
ಒಂದು ಬೆರಳಗಲಕ್ಕೆ ಸಾವಿರ ವರ್ಷವಂತೆ.
ನನ್ನ ಆಯಸ್ಸಿನ ದಪ್ಪ ಲೆಕ್ಕಹಾಕಿದೆ:
ವರ್ನಿಯರಿಗೆ ಸಿಗುತ್ತದೆ, ಕಣ್ಣಿಗೆ ಕಷ್ಟ.

ಈಗ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಲಾರಿ.
ಸಾವಿರದಿನ್ನೂರು ಅಡಿಗೂ ಬೂದಿಯೇ ಬರುತ್ತಿದೆ.
ನೀರಿಗಾಗಿ ನೆಲ ಕೊರೆಯುವ ಊರಿನವನು
ಮಣ್ಣಿಗಾಗಿ ಅಷ್ಟು ನೀರು ದಾಟಿಬಂದೆ ಅಂದರೆ
ಕೊಡ ಹಿಡಿದು ನಿಂತ ಸರ್ವಮಂಗಳ ನಗುವುದಿಲ್ಲ.
ಈ ಪುಡಿಗೆ ಬಾಣವಿಲ್ಲ, ಮುಚ್ಚಳವಿಲ್ಲ.
ಎಲ್ಲ ಕಾಲವೂ ಒಂದೇ ರಾಶಿಯಾಗಿ
ಸ್ಕೂಟರಿನ ಸೀಟಿನ ಮೇಲೆ ಕೂತಿದೆ.

ನಿನ್ನೆ ಮೂತಿ ಶೆಡ್ಡಿಗೆ ವಾಪಸ್ ಬಂತು, ಸಾಣೆಗೆ.
ಥ್ರೆಡ್ಡಿನ ಸಂದಿಯಲ್ಲಿ ಒಣಗಿದ ಚೂರು ಹಸಿರು.
ತೆಗೆದಿಡೋಣ ಅಂದುಕೊಂಡೆ,
ಕಡ್ಡಿಪೆಟ್ಟಿಗೆಯೂ ಹುಡುಕಿದೆ.
ಫೋನ್ ಬಂತು, ಆಚೆ ಹೋದೆ.
ಬರುವಷ್ಟರಲ್ಲಿ ಹೊಸ ಹುಡುಗ ಗುರುಬಸು
ಸೀಮೆಎಣ್ಣೆ ಹಾಕಿ ಉಜ್ಜಿ ಫಳಫಳ ಮಾಡಿಟ್ಟಿದ್ದ.
ಬೈಯಲಿಲ್ಲ.
ಶೆಡ್ಡಿನ ಹಿಂದೆ ಚರಂಡಿ. ಚರಂಡಿ ರಾಜಕಾಲುವೆಗೆ,
ರಾಜಕಾಲುವೆ ವೃಷಭಾವತಿಗೆ,
ಅಲ್ಲಿಂದ ಅರ್ಕಾವತಿ, ಕಾವೇರಿ.
ಆಮೇಲೆ ಅದಕ್ಕೆ ದಾರಿ ಗೊತ್ತು.
ಜೊತೆಗೆ ನಮ್ಮ ಕಬ್ಬಿಣದ ಸಿಪ್ಪೆ, ಗ್ರೀಸು,
ಪಕ್ಕದ ಶೆಡ್ಡಿನ ಕ್ರೋಮು.
ಆ ಪದರಕ್ಕೆ ಬಣ್ಣ ಯಾವುದಿರುತ್ತದೋ,
ಮೇಡಂನ ಕೇಳಬೇಕು.

ಸದ್ಯಕ್ಕೆ: ಅಲಗು ಮೂವತ್ತು ಡಿಗ್ರಿ, ಎಸಳು ಹನ್ನೆರಡು,
ನಾಡಿದ್ದು ಡೆಲಿವರಿ.