ಕೊಂಬಿನ ಲಕಾರ

ಪರದೆ ಸರಿಸಿದರು. ಕಂಚಿನ ಮೆತೋದ್ ವ್ರಾಬೆಲ್
ಕೈಯಲ್ಲೊಂದು ಸುರುಳಿ ಹಿಡಿದು ನಿಂತಿದ್ದಾನೆ.
ಅವನೆಂದೂ ಸುರುಳಿ ಹಿಡಿದವನಲ್ಲ.
ಹಿಡಿಯುತ್ತಿದ್ದದ್ದು ಮೋಟು ಪೆನ್ಸಿಲ್,
ಅದೂ ನನ್ನ ಕಿವಿಯಿಂದ ಎತ್ತಿಕೊಂಡದ್ದು.

ಮಾರ್ಚಿನ ಕೊನೆಯ ಹಿಮ. ಸಚಿವರ ಭಾಷಣ.
ಬ್ಯಾಂಡಿನ ಹುಡುಗರು ಬೂಟಿನ ತುದಿಯಲ್ಲಿ ನೆಲ ಕೆದಕುತ್ತಿದ್ದಾರೆ.
ನನಗೆ ಕಡೆಯ ಸಾಲಿನಲ್ಲೊಂದು ಕುರ್ಚಿ.

ಆ ವರ್ಷ ಪೆಶ್ಟ್‌ನಿಂದ ಬಂದ ಅಚ್ಚುಮೊಳೆಯ ಪೆಟ್ಟಿಗೆಯಲ್ಲಿ
ನಮ್ಮ ಮೆತ್ತನೆಯ ಲಕಾರವಿರಲಿಲ್ಲ,
ನೆತ್ತಿಯ ಮೇಲೆ ಪುಟ್ಟ ಕೊಂಬಿರುವಂಥದ್ದು.
ನಾಲಿಗೆ ಅಂಗುಳಕ್ಕೊರಗಿ
ಬೆಣ್ಣೆಯಂತೆ ಜಾರುವ ಸದ್ದು ಅದು.
"ಇಲ್ಲದೆಯೂ ಓದಬಹುದಲ್ಲ" ಅಂದೆ.
ವ್ರಾಬೆಲ್ ಕನ್ನಡಕ ಒರೆಸಿಕೊಂಡ: "ಓದಬಹುದು.
ನಮ್ಮಜ್ಜಿಗೆ ಮಾತ್ರ ತನ್ನ ಮಾತು ಅನ್ನಿಸುವುದಿಲ್ಲ."

ರಾತ್ರಿಯೆಲ್ಲ ಮುರುಕು ಅಲ್ಪವಿರಾಮಗಳನ್ನು ಅರದಲ್ಲಿ ಉಜ್ಜಿ
ಒಂದೊಂದೇ ಲಕಾರಕ್ಕೆ ಕೊಂಬು ಬೆಸೆದೆ.
ಸೀಸದ ಹೊಗೆಗೆ ಕಣ್ಣು ಕೆಂಡ.
ಬೆಳಗಾಗುವಾಗ ಆದದ್ದು ಅರವತ್ತಮೂರು.
ಪುಟದಲ್ಲಿ ಅರವತ್ತನಾಲ್ಕನೆಯದು ಬೇಕಾದಾಗ
ಬೈದುಕೊಳ್ಳುತ್ತ ಅವನು ವಾಕ್ಯವನ್ನೇ ತಿದ್ದುತ್ತಿದ್ದ.

ಮರುತಿಂಗಳು ಪೊಲೀಸರು ಬಂದರು.
ಅಧಿಕಾರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ,
ಸಂಪಾದಕೀಯವನ್ನು ಬೆರಳಿನಿಂದ ತಟ್ಟಿದ,
"ನಿಮಗೇನು ಕೊಂಬು ಮೂಡಿದೆಯೇ?" ಎಂದು ಗದರಿದ.
ವ್ರಾಬೆಲ್ ನನ್ನತ್ತ ತಿರುಗಿ
"ಎಷ್ಟು ಮೂಡಿವೆ?" ಅಂತ ಕೇಳಿದ.
ನಗು ತಡೆಯಲಾಗದೆ ನಾನು ಶಾಯಿಯ ಬಟ್ಟೆ ಕಚ್ಚಿಕೊಂಡೆ.

ವಾತ್ಸ್ ಸೆರೆಮನೆಯಲ್ಲಿ ಎಂಟು ತಿಂಗಳು; ಮೇಲೆ ದಂಡ.
ಬೆಟ್ಟದ ಕುರಿಗಾಹಿಗಳು ಕರವಸ್ತ್ರದಲ್ಲಿ ಕಟ್ಟಿ ಕಳಿಸಿದ ತಾಮ್ರದ ಬಿಲ್ಲೆಗಳನ್ನು
ಅವನ ಹೆಂಡತಿ ಎಮೆರೆಂತ್ಸಿಯಾ ಅಡುಗೆಮೇಜಿನ ಮೇಲೆ ಎಣಿಸಿದಳು.
ಎಲ್ಲಕ್ಕೂ ಕುರಿಗಿಣ್ಣಿನ ವಾಸನೆ.
ಎಣಿಸಿ ಮುಗಿಸಿ, ಕೈ ತೊಳೆದು,
ಅದೇ ಮೇಜಿನ ಮೇಲೆ ಬರೆಯಲು ಕೂತಳು.
ಪತ್ರಿಕೆ ಒಂದು ವಾರವೂ ನಿಲ್ಲಲಿಲ್ಲ.
ಎಡಕ್ಕೆ ವಾಲುವ ಅಕ್ಷರ, ಉದ್ದುದ್ದ ಸಾಲು;
ಅರವತ್ತಮೂರರ ಲೆಕ್ಕ ಅವಳಿಗೆ ಎಂದೂ ತಪ್ಪಲಿಲ್ಲ.
ಕೆಳಗೆ ಮಾತ್ರ ಗಂಡನ ಹೆಸರು.
ಜೋಡಿಸಿದವನು ನಾನು. ಯಾರಿಗೂ ಹೇಳಲಿಲ್ಲ,
ಅವಳು ಹೇಳಬೇಡ ಎಂದಿರಲೂ ಇಲ್ಲ.

ಈಗ ಸಚಿವರು ಕೈಯೆತ್ತಿ ಉದ್ಧರಿಸುತ್ತಿದ್ದಾರೆ:
"ಬಾಗಿಲು ಮುಚ್ಚಿದರೆ ಹೊಸ್ತಿಲ ಕೆಳಗಿಂದ ಮಾತಾಡುತ್ತೇವೆ."
ಜನ ಚಪ್ಪಾಳೆ ತಟ್ಟುತ್ತಾರೆ.
ಅದು ಆ ಎಂಟು ತಿಂಗಳ ಮೂರನೆಯ ವಾರದ್ದು.
ಎರಡನೆಯ ಸಾಲಿನ ಕಪ್ಪು ಟೋಪಿ ಅಲುಗಲಿಲ್ಲ.
ತುಸು ಹೊತ್ತಾದ ಮೇಲೆ, ಎಲ್ಲರ ಜೊತೆ,
ಅವಳೂ ಚಪ್ಪಾಳೆ ತಟ್ಟಿದಳು.

ಜನ ಕರಗಿದ ಮೇಲೆ ಹತ್ತಿರ ಹೋದೆ.
ಕಲ್ಲಿನಲ್ಲಿ ಕೊರೆದ ಹೆಸರು. ಗುಬ್ಬಿ ಎಂದು ಅದರ ಅರ್ಥ.
ಕೊನೆಯ ಲಕಾರ ಬೋಳು.
ಶಿಲ್ಪಿಯ ಹುಡುಗ ಹಗ್ಗ ಸುತ್ತುತ್ತಿದ್ದ, ತೋರಿಸಿದೆ.
"ಇಲ್ಲದೆಯೂ ಓದಬಹುದಲ್ಲ, ತಾತ" ಅಂದ.

ಓದಬಹುದು, ಅಂದೆ.
ಅರ ಮನೆಯಲ್ಲೇ ಇದೆ.
ಇವತ್ತು ಬೆಳದಿಂಗಳಿದ್ದರೆ ಸಾಕು.